ಇಪ್ಪತ್ಮೂರನೆಯ ಸಾಲು

ಭಾಗ್ಯಜ್ಯೋತಿಗೆ ಮಾತು ಕಡಿಮೆ, ಕಣ್ಣು ಹೆಚ್ಚು ಎಂದು ಮೋರಟಗಿಯಲ್ಲಿ ಅವಳನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ಏಳನೆಯ ತರಗತಿಯಲ್ಲಿದ್ದಾಗ ಮಾಸ್ತರರು "ಎದ್ದು ನಿಂತು ಪಾಠ ಓದು" ಎಂದರು. ಓದಲು ಬರುತ್ತಿದ್ದರೂ ಅವಳ ಬಾಯಿ ಕಟ್ಟಿತು. ಹಿಂದೆ ಕೂತವರು ನಕ್ಕರು. ಮರುವರ್ಷ ಅವಳು ಶಾಲೆಯ ಕಡೆ ಮುಖ ಹಾಕಲಿಲ್ಲ. ಹತ್ತೊಂಬತ್ತು ತುಂಬಿದರೂ ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ಗಂಟಲು ಒಣಗುತ್ತಿತ್ತು.

2009ರ ಹಿಂಗಾರಿಯಲ್ಲಿ ಅವಳಿಗೆ ಸಿಕ್ಕ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಊರಾಚೆ ಗುರುಲಿಂಗಪ್ಪನವರ ಎರೆಹೊಲದಲ್ಲಿ ಎರಡು ಎಕರೆಯನ್ನು ಜೋಳದ ಸಂಶೋಧನೆಯವರು ವರ್ಷದ ಮಟ್ಟಿಗೆ ಹಿಡಿದಿದ್ದರು. ದೊಡ್ಡ ಮಳೆಗೆ ಹೊಲ ಆರದೆ ಬಿತ್ತನೆ ತಡವಾಗಿತ್ತು. ಅರವತ್ತು ಸಾಲು, ಸಾಲಿಗೊಂದು ನಂಬರಿನ ತಗಡು. ನೋಡಿಕೊಳ್ಳುವವಳು ಇಂಡಿಯ ಹುಡುಗಿ ಪ್ರಜ್ಞಾ. ಡಾಕ್ಟರೇಟಿಗೆ ಓದುತ್ತಿದ್ದ ಅವಳು ಸಿಂದಗಿಯಲ್ಲಿ ಕೋಣೆ ಹಿಡಿದು ದಿನಾ ಬಸ್ಸಿಗೆ ಬರುತ್ತಿದ್ದಳು. ಕೈಕೆಳಗೆ ಎಂಟು ಹೆಂಗಸರು. ಅವರಲ್ಲಿ ಅಕ್ಷರ ನೀಟಾಗಿದ್ದುದು ಭಾಗ್ಯಾಳದೊಂದೇ ಎಂದು ಪರೀಕ್ಷೆಯ ಕೆಲಸಕ್ಕೆ ಅವಳನ್ನು ಆರಿಸಿಕೊಂಡಿದ್ದಳು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಸಿದ್ದಲಿಂಗವ್ವ ಕೇಳಿಯೇಬಿಟ್ಟಳು. ಅವಳು ಭಾಗ್ಯಾಳ ತಾಯಿಯ ತಂಗಿ, ಗಂಡ ತೀರಿದ ಮೇಲೆ ಒಂದು ಆಕಳನ್ನು ಕಟ್ಟಿಕೊಂಡು ಬದುಕು ಮಾಡಿದವಳು.

"ಅಕ್ಕಾರ, ಜ್ವಾಳ ನಮ್ಮ ಮುತ್ಯಾನ ಕಾಲದಿಂದ ಬೆಳದೇವಿ. ನೀವೇನ್ರಿ ಅದರಾಗ ಹುಡುಕೋದು?"

ಪ್ರಜ್ಞಾ ರೊಟ್ಟಿ ಮುರಿಯುತ್ತ ನಕ್ಕಳು. "ಈ ವರ್ಷ ಜ್ವಾಳದ ಒಳಗಿನ ಜೀನ್ ಎಲ್ಲಾ ಓದಿ ಮುಗಿಸ್ಯಾರ, ಚಿಗವ್ವ. ಮೂವತ್ತು ಸಾವಿರದ ಸುತ್ತಮುತ್ತ ಅದಾವ. ಆದ್ರ ಯಾವ ಜೀನ್ ಏನ್ ಕೆಲಸ ಮಾಡತೈತಿ ಅನ್ನೋದು ಭಾಳ ಮಟ್ಟಿಗೆ ಗೊತ್ತಿಲ್ಲ. ಬ್ಯಾರೆ ಗಿಡದಾಗ ಗೊತ್ತಿರೋ ಜೀನ್ ಜೋಡಿ ಕಂಪ್ಯೂಟರ್ ಹೋಲಿಸಿ ನೋಡತೈತಿ. ಹೋಲಿಕಿ ಇದ್ರ, ಇದರ ಕೆಲಸನೂ ಅದ ಇರಬೇಕು ಅಂತ ಅಂದಾಜು ಹೇಳತೈತಿ."

"ಮೂಗು ನೋಡಿ ಯಾರ ಮನಿ ಕೂಸು ಅಂತ ಹೇಳಿದಂಗ?"

"ಅದ ನೋಡ್ರಿ! ಆದ್ರ ಮೂಗು ಒಂದ ಇದ್ರ ಗುಣಾನೂ ಒಂದ ಇರಬೇಕಂತಿಲ್ಲ. ಅದಕ್ಕ ಈ ಹೊಲ."

"ಹಂಗಾರ ಕಂಪ್ಯೂಟರ್ ನಮ್ಮ ಅತ್ತಿಗಿಂತ ಛಲೋ," ಎಂದಳು ಸಿದ್ದಲಿಂಗವ್ವ. "ಆಕಿ ಮೂಗು ನೋಡಿ ಗುಣ ಹೇಳಿ, ಮ್ಯಾಲೆ ಬೈದೂ ಬಿಡ್ತಿದ್ಲು."

ಹೆಂಗಸರೆಲ್ಲ ನಕ್ಕರು. ಭಾಗ್ಯಾಳೂ ಸೆರಗು ಅಡ್ಡ ಹಿಡಿದು ನಕ್ಕಳು.

ಎಳೆ ಜೋಳ ತಿಂದರೆ ದನ ಸಾಯುತ್ತದೆ ಎಂಬುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಸಿದ್ದಲಿಂಗವ್ವನ ಮೊದಲ ಆಕಳು ಸತ್ತದ್ದು ಹಾಗೆಯೇ. ಆ ವಿಷ ಮಾಡುವುದು ಈ ಜೀನ್ ಇರಬೇಕು ಎಂದು ಕಂಪ್ಯೂಟರು ಒಂದನ್ನು ತೋರಿಸಿತ್ತು. ಅದೊಂದನ್ನು ಕೆಡಿಸಿದ ಬೀಜ ಬಿತ್ತಿದ್ದು ಇಪ್ಪತ್ಮೂರನೆಯ ಸಾಲಿನಲ್ಲಿ. ಅಂದಾಜು ಸರಿಯಿದ್ದರೆ ಆ ಸಾಲಿನಲ್ಲಿ ವಿಷ ಇರಬಾರದು. ಪ್ರಜ್ಞಾಳ ಎರಡು ವರ್ಷದ ಓದು ಆ ಒಂದು ಸಾಲಿನ ಮೇಲೆ ನಿಂತಿತ್ತು.

ಪರೀಕ್ಷೆ ಸಣ್ಣದು. ಎಲೆ ಕುಟ್ಟಿ ಗಾಜಿನ ಬಾಟಲಿಗೆ ಹಾಕಿ, ಔಷಧ ಸವರಿದ ಹಳದಿ ಕಾಗದದ ಚೂರನ್ನು ಒಳಗೆ ಇಳಿಬಿಟ್ಟು ಬೂಚು ಹಾಕುವುದು. ವಿಷವಿದ್ದರೆ ಕಾಗದ ಕೆಂಪಾಗುತ್ತದೆ. ಬಾಟಲಿಗಳನ್ನು ಮುಚ್ಚಳದ ತಗಡಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡಬೇಕು ಎಂದು ಪ್ರಜ್ಞಾ ಮೊದಲ ದಿನವೇ ಹೇಳಿದ್ದಳು.

ಮಂಗಳವಾರ ಇಪ್ಪತ್ಮೂರನೆಯ ಸಾಲಿನ ಸರದಿ ಕೊನೆಗೆ ಬಂತು. ಅಷ್ಟರಲ್ಲಿ ಪೆಟ್ಟಿಗೆ ತುಂಬಿತ್ತು. ನಾಲ್ಕು ಬಾಟಲಿ ಉಳಿದವು. ಇದು ಎಲ್ಲಕ್ಕಿಂತ ಮುಖ್ಯವಾದ ಸಾಲು, ಬಿಸಿಲಿಗೆ ಕೆಡಬಾರದು ಎಂದು ಭಾಗ್ಯಾ ಅವನ್ನು ಬೇವಿನ ನೆರಳಲ್ಲಿ ನೀರಿನ ಕೊಡದ ಬುಡದ ತಣ್ಣನೆಯ ಉಸುಕಿನಲ್ಲಿ ನಿಲ್ಲಿಸಿದಳು. ಮನೆಯಲ್ಲಿ ಹಾಲಿನ ಗಿಂಡಿಯನ್ನು, ಕೊತ್ತಂಬರಿಯನ್ನು ಹಾಗೇ ಇಡುತ್ತಿದ್ದಳು.

ಮೂರು ಗಂಟೆಗೆ ನೋಡಿದಾಗ ಪೆಟ್ಟಿಗೆಯಲ್ಲಿದ್ದವೆಲ್ಲ ಕೆಂಪು. ಭಾಗ್ಯಾ ಕೊಡದ ಹತ್ತಿರದಿಂದ ತಂದುಕೊಟ್ಟ ನಾಲ್ಕೂ ಹಳದಿ.

ಪ್ರಜ್ಞಾ ಬಾಟಲಿಗಳನ್ನು ಬಿಸಿಲಿನ ಕಲ್ಲಿನ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದಳು. "ಬರಿ ಭಾಗ್ಯಾ, ಹಳದಿ, ಹಳದಿ, ಹಳದಿ, ಹಳದಿ." ಭಾಗ್ಯಾ ಬರೆದು ಸಹಿ ಹಾಕಿದಳು. "ನಾಳಿ ನಾ ಬರಂಗಿಲ್ಲ. ಇವತ್ತ ನಮ್ಮ ಗೈಡ್ ಸರ್‌ಗೆ ವರದಿ ಕಳಸ್ತೇನಿ," ಎಂದು ಪ್ರಜ್ಞಾ ಹಾಳೆ ತೆಗೆದುಕೊಂಡು ಬಸ್ಸಿಗೆ ಓಡಿದಳು.

"ಅಂದ್ರ ಆ ಸಾಲಿನಾಗ ನಂಜು ಇಲ್ಲನು?" ಎಂದು ಸಿದ್ದಲಿಂಗವ್ವ ಕೇಳಿದಳು. ಭಾಗ್ಯಾ ಇಲ್ಲವೆಂದು ತಲೆಯಾಡಿಸಿದಳು.

ಐದು ಗಂಟೆಗೆ ಬಾಟಲಿ ತೊಳೆಯಲು ಕಲ್ಲಿನ ಹತ್ತಿರ ಹೋದವಳು ಅಲ್ಲೇ ಕುಕ್ಕರಿಸಿದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾಲ್ಕೂ ಕಾಗದ ಕೆಂಪಾಗಿದ್ದವು. ಕಲ್ಲು ಮುಟ್ಟಿ ನೋಡಿದಳು, ಬೆಚ್ಚಗಿತ್ತು. ನೀರಿನ ಕೊಡದ ಕಡೆ ನೋಡಿದಳು. ಏನಾಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ವಿಷ ಮೊದಲಿಂದಲೂ ಇತ್ತು, ತಣ್ಣಗೆ ಇಟ್ಟದ್ದಕ್ಕೆ ಕಾಗದಕ್ಕೆ ಏರಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಮೈಬೂಬನ ಅಂಗಡಿಯಲ್ಲಿ ಕಾಯಿನ್ ಫೋನಿತ್ತು. ಪ್ರಜ್ಞಾ ಬರೆದುಕೊಟ್ಟ ನಂಬರು ಒತ್ತಿದಳು. ಅತ್ತಲಿಂದ "ಹಲೋ? ಯಾರು?" ಎಂದಿತು. ಅಂಗಡಿಯಲ್ಲಿ ಐದಾರು ಗಂಡಸರು ಕೂತಿದ್ದರು. "ಹಲೋ?" ಭಾಗ್ಯಾ ಅವರ ಕಡೆ ಒಮ್ಮೆ ನೋಡಿದಳು. ಫೋನ್ ಇಟ್ಟು ಮನೆಗೆ ಬಂದಳು. ನಾಡಿದ್ದು ಮೇಡಂ ಬಂದಾಗ ಹೇಳಿದರಾಯಿತು, ಕಾಗದದಲ್ಲಿ ತಪ್ಪಿದ್ದಕ್ಕೆ ಯಾರಿಗೇನು ಆಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ಒತ್ತಾಗಿ ಬೆಳೆದ ಸಸಿಗಳನ್ನು ಕಿತ್ತು ಸಾಲು ತೆಳುವಾಗಿಸುವ ಕೆಲಸ. ಕಿತ್ತ ಸಸಿಯನ್ನೆಲ್ಲ ಕಟ್ಟು ಕಟ್ಟಿ, ಸಾಲಿನ ನಂಬರಿನ ಚೀಟಿ ಹಚ್ಚಿ ಹೊಲದ ಮೂಲೆಯ ತಗ್ಗಿಗೆ ಹಾಕಬೇಕು, ಒಂದು ಎಸಳೂ ಮನೆಗೆ ಒಯ್ಯುವಂತಿಲ್ಲ, ಒಯ್ದರೆ ಕೆಲಸ ಹೋಯಿತು ಎಂಬುದು ಕರಾರು. ಭಾಗ್ಯಾ ಐವತ್ತರ ಆಚೆಯ ಸಾಲುಗಳಲ್ಲಿದ್ದಳು. ಮಧ್ಯಾಹ್ನ ತಗ್ಗಿನ ಹತ್ತಿರ ಬಂದು ಕಟ್ಟುಗಳ ಚೀಟಿ ನೋಡಿದಳು. ಇಪ್ಪತ್ತೆರಡು ಇತ್ತು, ಇಪ್ಪತ್ನಾಲ್ಕು ಇತ್ತು. ನಡುವಿನದು ಇರಲಿಲ್ಲ.

"ಚಿಗವ್ವ ಎಲ್ಲಿ?"

"ಹೊಟ್ಟಿ ನೋವಂತ ಆಗಳೇ ಮನಿಗೆ ಹ್ವಾದ್ಲು," ಎಂದಳು ಯಲ್ಲವ್ವ.

ಭಾಗ್ಯಾ ಓಡಿದಳು. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಚಪ್ಪಲಿ ಕಿತ್ತುಹೋಯಿತು. ಬಿಟ್ಟು ಓಡಿದಳು.

ಸಿದ್ದಲಿಂಗವ್ವನ ಅಂಗಳದಲ್ಲಿ ಆಗಲೇ ಜನ ಸೇರಿತ್ತು. ಆಕಳು ಮುಂಗಾಲು ಮಡಚಿ ಕುಸಿದಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಪಕ್ಕೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. ಗೋದಲಿಯಲ್ಲಿ ಬರೀ ಕಣಿಕಿ, ಜೋಳದ ಒಣ ದಂಟು. ಹಸಿರು ಎಲ್ಲಿಯೂ ಕಾಣಲಿಲ್ಲ. ಆದರೆ ಒಲೆಯ ಪಕ್ಕದ ಬುಟ್ಟಿಯ ಕೆಳಗಿಂದ ನಾಲ್ಕು ಬೇರು ಇಣುಕುತ್ತಿದ್ದುದನ್ನು ಭಾಗ್ಯಾ ಕಂಡಳು.

ಮೈಬೂಬ ಮೋಟರಸೈಕಲ್ ಮೇಲೆ ದನದ ಡಾಕ್ಟರನ್ನು ಕರೆತಂದ. ಡಾಕ್ಟರ್ ಸಂಗಮೇಶ ಆಕಳ ಹೊಟ್ಟೆ ಒತ್ತಿ ನೋಡಿದರು.

"ಏನ್ ತಿಂದೈತಿ?"

"ಏನೂ ಇಲ್ರಿ ಸಾಹೇಬ್ರ," ಸಿದ್ದಲಿಂಗವ್ವ ಅಳುತ್ತ ಹೇಳಿದಳು. "ಬರೇ ಕಣಿಕಿ ಹಾಕೇನ್ರಿ."

"ಹಸಿದು?"

"ಇಲ್ರಿ. ದೇವರಾಣಿ ಇಲ್ರಿ."

"ಹಂಗಾರ ಹೊಟ್ಟಿ ಉಬ್ಬರ ಇರಬೇಕು. ಎಣ್ಣಿ ತರ್ರಿ, ಕುಡಸೂಣು." ಅವರು ಚೀಲದಿಂದ ಕೊಳವೆ ತೆಗೆದರು.

ಅಂಗಳದ ತುಂಬ ಮುಖಗಳು. ಭಾಗ್ಯಾ ಬುಟ್ಟಿಯ ಕಡೆ ನೋಡಿದಳು. ಮಾತಾಡಿದರೆ ಚಿಗವ್ವ ಸುಳ್ಳು ಹೇಳಿದ್ದು ಊರ ಮುಂದೆ ಬಯಲಾಗುತ್ತದೆ, ಅವಳ ಕೆಲಸ ಹೋಗುತ್ತದೆ. ಆಕಳು ಕುತ್ತಿಗೆ ಚಾಚಿ ನೆಲಕ್ಕೆ ಇಟ್ಟಿತು.

"ಸುಳ್ಳು!" ಎಂದಳು ಭಾಗ್ಯಾ. ದನಿ ಕೀರಲಾಗಿ ಬಂತು. ಎಲ್ಲರೂ ತಿರುಗಿದರು. "ಹಸಿ ಜ್ವಾಳ ತಿಂದೈತ್ರಿ. ಇಪ್ಪತ್ಮೂರನೇ ಸಾಲಿಂದು. ಅದರಾಗ ನಂಜು ಐತ್ರಿ. ನಾ... ನಾ ಇಲ್ಲ ಅಂತ ಬರದಿದ್ದೆ. ತಪ್ಪಾಗೇತ್ರಿ."

ಡಾಕ್ಟರು ಮತ್ತೊಂದು ಮಾತು ಕೇಳಲಿಲ್ಲ. ಕೊಳವೆ ಅತ್ತ ಎಸೆದು ಬೇರೆ ಔಷಧ ತೆಗೆದು ಆಕಳ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೈಬೂಬ ಆಕಳ ತಲೆಯನ್ನು ತೊಡೆಯ ಮೇಲೆ ಹಿಡಿದು ಕೂತ. ಅರ್ಧ ತಾಸಿಗೆ ಉಸಿರು ಇಳಿಯಿತು. ಮತ್ತೂ ಸ್ವಲ್ಪ ಹೊತ್ತಿಗೆ ಆಕಳು ಎದ್ದು, ಕಾಲು ನಡುಗಿಸುತ್ತ ನಿಂತಿತು.

"ಎಣ್ಣಿ ಕುಡಸಕೋತ ಕುಂತಿದ್ರ ಹೋಗತಿತ್ತು," ಎಂದು ಡಾಕ್ಟರು ಕೈ ತೊಳೆದರು.

ಭಾಗ್ಯಾ ಚಿಗವ್ವನ ಹತ್ತಿರ ಹೋದಳು. ಸಿದ್ದಲಿಂಗವ್ವ ಆಕಳ ಮೈಯುಜ್ಜುತ್ತಿದ್ದಳು, ತಿರುಗಿ ನೋಡಲಿಲ್ಲ.

"ನೀ ತಲಿ ಅಲ್ಲಾಡಿಸಿದ್ದಕ್ಕ ನಾ ಹಾಕಿದೆ. ಈ ಬಾಯಿ ನಿನ್ನೆ ಎಲ್ಲಿಗಿ ಹೋಗಿತ್ತು?"

ಭಾಗ್ಯಾ ಅಲ್ಲಿಂದ ನೇರ ಅಂಗಡಿಗೆ ಹೋದಳು. ಗಂಡಸರು ಅಲ್ಲೇ ಕೂತಿದ್ದರು. ನಂಬರು ಒತ್ತಿ, ಪ್ರಜ್ಞಾ ಹಲೋ ಎನ್ನುವ ಮೊದಲೇ ಎಲ್ಲವನ್ನೂ ಹೇಳಿದಳು: ಕೊಡ, ಉಸುಕು, ಕಲ್ಲು, ಆಕಳು.

"ವರದಿ ಕಳಸಿ ಆತು ಭಾಗ್ಯಾ," ಎಂದಳು ಪ್ರಜ್ಞಾ. "ಎಷ್ಟ್ ಕೆಂಪು?"

"ಅರಿಷಿಣಕ್ಕ ಸುಣ್ಣ ತಾಗಿದಂಗ್ರಿ."

"ನಾಕೂ?"

"ನಾಕೂ ರಿ."

"ಬರ್ತೇನಿ," ಎಂದು ಪ್ರಜ್ಞಾ ಫೋನ್ ಇಟ್ಟಳು. ಸಿಟ್ಟೋ ಅಳುವೋ ತಿಳಿಯಲಿಲ್ಲ.

ಸಂಜೆಯ ಬಸ್ಸು ಬರುವಷ್ಟರಲ್ಲಿ ಭಾಗ್ಯಾ ಹೊಲಕ್ಕೆ ಮರಳಿ ಇಪ್ಪತ್ಮೂರರಲ್ಲಿ ಉಳಿದಿದ್ದ ಸಸಿಗಳಿಂದ ಹೊಸ ಎಲೆ ಹರಿದು, ಕುಟ್ಟಿ, ನಾಲ್ಕು ಬಾಟಲಿ ತುಂಬಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಪ್ರಜ್ಞಾ ಬಂದವಳೇ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ಹೊಸ ಹಾಳೆ ಬಿಡಿಸಿದಳು. ಹೆಂಗಸರು ಕೆಲಸ ಬಿಟ್ಟು ಸುತ್ತ ಬಂದು ನಿಂತರು. ಸಿದ್ದಲಿಂಗವ್ವ ಅವರಲ್ಲಿ ಇರಲಿಲ್ಲ. ಅವಳ ಕುಡುಗೋಲು ಬೇವಿನ ಬುಡದಲ್ಲಿ ಹಾಗೇ ಬಿದ್ದಿತ್ತು. ಅವಳ ಕೆಲಸದ ಬಗ್ಗೆ ಕೇಳಬೇಕೆಂದು ಭಾಗ್ಯಾಳಿಗೆ ಅನಿಸಿತು, ಆದರೆ ಅದು ಈಗಲ್ಲ.

"ನೀ ನೋಡಿ ಹೇಳು, ನಾ ಬರೀತೇನಿ," ಎಂದಳು ಪ್ರಜ್ಞಾ. "ಗಟ್ಟಿಯಾಗಿ ಹೇಳು."

ಭಾಗ್ಯಾ ಮುಚ್ಚಳ ತೆರೆದು ಮೊದಲನೆಯದನ್ನು ಬೆಳಕಿಗೆ ಹಿಡಿದಳು.

"ಕೆಂಪು," ಎಂದಳು. "ಎರಡನೇದು, ಕೆಂಪು."

ಪ್ರಜ್ಞಾಳ ಪೆನ್ನು ಪ್ರತಿ ಸಲ ಒಂದು ಗಳಿಗೆ ನಿಂತು ಮುಂದೆ ಸಾಗುತ್ತಿತ್ತು. ನಾಲ್ಕನೆಯದಕ್ಕೂ ಭಾಗ್ಯಾ ಕೆಂಪು ಎಂದಾಗ ಅವಳು ತಲೆ ಎತ್ತದೆ ಹಾಗೇ ಬರೆದಳು.