ಇವಳೇ ಎಂದರೆ ತಿರುಗದ ಹೆಂಗಸರು

ಗೋಣಿಚೀಲ ಹೊಲಿಯುವ ಗೋದಾಮಿನ ಈ ಕಥೆಗೆ ಎರಡು ಹೇಳಿಕೆಗಳಿವೆ. ಮೂಟೆ ಹೊರುವ ಗಂಡಸರು ಹೇಳುವುದು ತೀರ ಗಿಡ್ಡದು: ‘ಒಂದು ಹಟಮಾರಿ ಹೆಂಗಸಿತ್ತು, ಮೇಸ್ತ್ರಿ ಕರೆದರೆ ತಿರುಗುತ್ತಿರಲಿಲ್ಲ, ಒಂದು ದಿನ ಅದೇ ಹಟದಲ್ಲಿ ಪ್ರಾಣ ಕಳಕೊಂಡಿತು.’ ಈ ಹೇಳಿಕೆಯಲ್ಲಿ ಆಕೆ ಮೊದಲಿಂದ ಕೊನೆಯವರೆಗೂ ‘ಅದು’. ಹೆಂಗಸರ ಹೇಳಿಕೆ ಉದ್ದ. ಹೇಳುವವರು ಬದಲಾದರೂ ಮಾತಿನ ಕ್ರಮ ಬದಲಾಗುವುದಿಲ್ಲ. ಎಲ್ಲಿ ನಗಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದು ಸಹ ಅವರಿಗೆ ಗೊತ್ತಾಗಿಹೋಗಿದೆ. ಇಲ್ಲಿ ಕೊಟ್ಟಿರುವುದು ಹೆಂಗಸರ ಹೇಳಿಕೆ. ಅದರೊಳಗೇ ಭೇದವಿರುವ ಕಡೆ ಭೇದವನ್ನು ಸೂಚಿಸಿದೆ.

ಗೋದಾಮು ಉದ್ದನೆಯ ಒಂದೇ ಕೋಣೆ. ಕಿಟಕಿಗಳಿದ್ದುದು ಒಂದೇ ಗೋಡೆಯಲ್ಲಿ. ದಬ್ಬಣದ ಕಣ್ಣಿಗೆ ಸುತಳಿ ಪೋಣಿಸಲು ಬೆಳಕು ಬೇಕು. ಆದ್ದರಿಂದ ಹೆಂಗಸರೆಲ್ಲ ಆ ಗೋಡೆಗೆ ಮುಖ ಮಾಡಿ, ಕೋಣೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಸಾಲಾಗಿ ಕೂರುತ್ತಿದ್ದರು. ಹರಿದ ಚೀಲಗಳಿಗೆ ತೇಪೆ ಹಾಕುವುದು, ಬಾಯಿ ಮಡಿಚಿ ಹೊಲಿಯುವುದು ಅವರ ಕೆಲಸ. ನಡುವೆ, ಸೂರಿನ ತೊಲೆಗೆ ಒಂದು ರಾಟೆ. ಹೊಲಿದ ಚೀಲಗಳನ್ನು ದೊಡ್ಡ ಕಟ್ಟು ಕಟ್ಟಿ, ಹಗ್ಗ ಬಿಗಿದು, ಗಂಡಸರು ಅದನ್ನು ಮೇಲಿನ ಅಟ್ಟಕ್ಕೆ ಎಳೆಯುತ್ತಿದ್ದರು. ಗೋಣಿಯ ಧೂಳು ಎಲ್ಲರ ಹುಬ್ಬಿನ ಮೇಲೂ ಒಂದೇ ಸಮ ಕೂರುತ್ತಿತ್ತು. ಸಮ ಎಂಬುದು ಅಲ್ಲಿ ಕಂಡದ್ದು ಅಷ್ಟರಲ್ಲಿ ಮಾತ್ರ ಎಂದು ಹೇಳುವವರು ಇಲ್ಲಿ ಸೇರಿಸುತ್ತಾರೆ.

ಮೇಸ್ತ್ರಿ ಕೆಟ್ಟವನಲ್ಲ, ಇದನ್ನು ಎಲ್ಲರೂ ಒತ್ತಿ ಹೇಳುತ್ತಾರೆ. ಕೈ ಎತ್ತಿದವನಲ್ಲ, ಕೊಳಕು ಮಾತು ಆಡಿದವನಲ್ಲ. ಗಂಡಸರನ್ನು ‘ಏನಪ್ಪಾ’, ‘ಬಾರಣ್ಣಾ’ ಎನ್ನುತ್ತಿದ್ದ. ಮೀಸೆ ಮೂಡದವನೂ ಅವನ ಬಾಯಲ್ಲಿ ಅಪ್ಪನೇ. ಹೆಂಗಸರನ್ನು ಮಾತ್ರ ಹಿಂದಿನಿಂದ ‘ಏ ಇವಳೇ’ ಎಂದು ಕರೆಯುತ್ತಿದ್ದ. ಕರೆದೊಡನೆ ಇಡೀ ಸಾಲು ಕತ್ತು ತಿರುಗಿಸಬೇಕು. ಅವನು ಒಬ್ಬಳತ್ತ ಬೆರಳು ತೋರಿಸಬೇಕು. ಉಳಿದವರು ಮತ್ತೆ ಗೋಡೆಗೆ ತಿರುಗಬೇಕು.

ಆ ಸಾಲಿನಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರಿದ್ದರು. ಅಣ್ಣನ ಹೆಂಡತಿ ದೊಡ್ಡಾಕೆ, ತಮ್ಮನ ಹೆಂಡತಿ ಚಿಕ್ಕಾಕೆ. ವಾರಗಿತ್ತಿಯರೆಂದರೆ ಒಲೆಗೂ ನೀರಿಗೂ ಜಗಳವಾಡುವವರು ಎಂಬ ಲೋಕದ ಮಾತಿಗೆ ಇವರು ಹೊರತು. ಒಬ್ಬಳು ಅಂದುಕೊಂಡದ್ದನ್ನು ಇನ್ನೊಬ್ಬಳು ಆಡಿಬಿಡುತ್ತಿದ್ದಳು. ದೊಡ್ಡಾಕೆಗೆ ಒಂದೇ ಹಂಬಲ. ಈ ಕೆಲಸದಲ್ಲಿ ಇರುವಷ್ಟು ದಿನದಲ್ಲಿ ಒಂದು ಸಲವಾದರೂ ಮೇಸ್ತ್ರಿ ಮನುಷ್ಯರನ್ನು ಕರೆಯುವ ಹಾಗೆ ತಮ್ಮನ್ನು ಕರೆಯಬೇಕು. ಒಂದು ಬೆಳಿಗ್ಗೆ ಎದ್ದು ನಿಂತು ಕೇಳಿಯೇಬಿಟ್ಟಳು.

“ಮೇಸ್ತ್ರಿಗಳೇ, ನಮ್ಮನ್ನೂ ಅಕ್ಕ ಅಂತಲೋ ಅಮ್ಮ ಅಂತಲೋ ಕರೀರಿ.”

“ಇಷ್ಟು ಜನ ಅಕ್ಕಂದಿರಿದ್ದಿದ್ರೆ ನಾನ್ಯಾಕಮ್ಮ ಇಲ್ಲಿ ದುಡೀತಿದ್ದೆ? ಮನೇಲಿ ಕೂತು ಮುದ್ದು ಮಾಡಿಸ್ಕೋತಿದ್ದೆ.”

ಗಂಡಸರು ನಕ್ಕರು. ಮೇಸ್ತ್ರಿಯೂ ನಕ್ಕ. ತಾನು ಆ ಮಾತಿನೊಳಗೇ ‘ಅಮ್ಮ’ ಎಂದದ್ದು ಅವನಿಗೆ ಗೊತ್ತಾಗಲಿಲ್ಲ.

ಅಂದು ಊಟದ ಹೊತ್ತಿನಲ್ಲಿ ದೊಡ್ಡಾಕೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು: ನಾಳೆಯಿಂದ ‘ಇವಳೇ’ ಎಂದರೆ ಯಾರೂ ತಿರುಗಬಾರದು. ಕೆಲಸ ನಿಲ್ಲಿಸುವುದು ಬೇಡ, ಎದುರು ಮಾತು ಬೇಡ. ತಿರುಗಬಾರದು, ಅಷ್ಟೆ.

ಸಾಲಿನ ಕೊನೆಯಲ್ಲಿ ಕೂರುತ್ತಿದ್ದವಳನ್ನು ಎಲ್ಲರೂ ಪುಕ್ಕಲಿ ಎನ್ನುತ್ತಿದ್ದರು. ಜಿರಲೆ ಕಂಡರೆ ಚೀಲದೊಳಗೇ ಹೊಕ್ಕುಬಿಡುವವಳು. ಅವಳು ಒಪ್ಪಲಿಲ್ಲ.

“ಇವಳೇ ಅಂದ್ರೆ ಮೈಯೇನು ಸವೆಯುತ್ತಾ ಅಕ್ಕ? ನನ್ನ ಗಂಡನೂ ಹಾಗೇ ಕರೆಯೋದು.”

“ಸರಿ, ಗಂಡನ ಹತ್ರ ತಿರುಗು,” ಎಂದಳು ಚಿಕ್ಕಾಕೆ. “ಮೇಸ್ತ್ರಿಯೂ ನಿನ್ನ ಗಂಡನಾದ್ರೆ ಹೇಳು, ಅವನ ಹತ್ರವೂ ತಿರುಗುವೆಯಂತೆ.”

ಪುಕ್ಕಲಿ ಕೈಯಲ್ಲಿದ್ದ ಚೀಲದಿಂದ ಅವಳ ಬೆನ್ನಿಗೆ ಒಂದು ಬಾರಿಸಿದಳು. ಹಾಗೆ ಒಪ್ಪಂದವಾಯಿತು.

ಮರುದಿನ ಮೇಸ್ತ್ರಿ ಕರೆದ. ಕತ್ತುಗಳು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಕರೆದ. ದಬ್ಬಣಗಳು ಚೀಲದೊಳಗೆ ಹೋಗಿ ಹೊರಬರುವ ಸದ್ದು ಮಾತ್ರ ಕೇಳಿತು. ಕೊನೆಗೆ ಅವನೇ ಚೀಲದ ರಾಶಿಗಳನ್ನು ದಾಟಿಕೊಂಡು, ಗೋಡೆಗೂ ಸಾಲಿಗೂ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಡ್ಡ ನಡೆದು ಬಂದು, ಬೇಕಾದವಳ ಮುಂದೆ ನಿಂತು ಮಾತಾಡಬೇಕಾಯಿತು. ಚಪ್ಪಾಳೆ ತಟ್ಟಿ ನೋಡಿದ, ಶಿಳ್ಳೆ ಹಾಕಿ ನೋಡಿದ. “ಯಾರೋ ನಾಯಿ ಕರೀತಿದ್ದಾರೆ,” ಎಂದಳು ಚಿಕ್ಕಾಕೆ ಗೋಡೆಗೆ. ಹೀಗೆ ವಾರಗಳು ಕಳೆದವು.

ಒಂದು ದಿನ ದಣಿದಿದ್ದನೋ, ಮನಸ್ಸು ಕರಗಿತ್ತೋ, ‘ಏ ಇವ...’ ಎಂದವನು ತಡೆದು, “ಇವ್ರೇ” ಎಂದ.

ಚಿಕ್ಕಾಕೆ ತಟ್ಟನೆ ತಿರುಗಿದಳು. “ಏನ್ರೀ ಮೇಸ್ತ್ರಿಗಳೇ?”

ಮೇಸ್ತ್ರಿಗೆ ಬೇಕಾಗಿದ್ದುದು ಸುತಳಿಯ ಉಂಡೆ. ಅದನ್ನು ಅವಳು ಎದ್ದು ಹೋಗಿ, ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆದರೆ ರಾಟೆಯ ಬಳಿಯಿಂದ ಒಬ್ಬ ಕೂಗಿದ: “ಇವ್ರೇ ಅನ್ನೋದು ಹೆಂಡ್ತಿ ಗಂಡನಿಗಲ್ವಾ? ಮೇಸ್ತ್ರಿಗೆ ಎಷ್ಟು ಜನಪ್ಪಾ ಗಂಡಂದಿರು!” ಗೋದಾಮೆಲ್ಲ ನಗೆ. ಮೇಸ್ತ್ರಿಯ ಮುಖ ಕೆಂಪಾಯಿತು. ಅಂದಿನಿಂದ ಅವನು ‘ಏ ಇವಳೇ’ ಎಂಬುದನ್ನು ಮೊದಲಿಗಿಂತ ಗಟ್ಟಿಯಾಗಿ, ಹಲ್ಲು ಬಿಗಿದು ಹೇಳತೊಡಗಿದ.

ಮುಂದಿನದು ಒಂದು ಮಧ್ಯಾಹ್ನ. ಚಿಕ್ಕಾಕೆ ಹರಿದ ಚೀಲ ತರಲು ಎದ್ದು ರಾಟೆಯ ಕೆಳಗಿದ್ದ ರಾಶಿಯ ಬಳಿ ಬಗ್ಗಿದ್ದಳು. ಅವಳ ಪಕ್ಕದಲ್ಲೇ ಹಮಾಲಿಯೊಬ್ಬ ಇನ್ನೊಂದು ಕಟ್ಟಿಗೆ ಹಗ್ಗ ಬಿಗಿಯುತ್ತಿದ್ದ. ಎತ್ತರದ ಆಳು, ಅವನನ್ನು ಎಲ್ಲರೂ ಕಂಬಣ್ಣ ಎನ್ನುತ್ತಿದ್ದರು. ಮೇಲೆ ತೂಗುತ್ತಿದ್ದ ಕಟ್ಟಿನ ಹಗ್ಗ ಎಳೆ ಬಿಡುತ್ತಿರುವುದನ್ನು ಕಂಡವನು ಮೇಸ್ತ್ರಿ ಒಬ್ಬನೇ.

“ಕಂಬಣ್ಣಾ, ಆಚೆ ಸರಿ!” ಎಂದು ಕೂಗಿದ. ಕಂಬಣ್ಣ ಹಾರಿ ಪಕ್ಕಕ್ಕೆ ಬಿದ್ದ.

“ಏ ಇವಳೇ!” ಎಂದು ಕೂಗಿದ.

ಸಾಲು ತಿರುಗಲಿಲ್ಲ. ಚಿಕ್ಕಾಕೆಯೂ ತಿರುಗಲಿಲ್ಲ.

ಸದ್ದು ಕೇಳಿ ಹೆಂಗಸರು ತಿರುಗಿದಾಗ ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಧೂಳು ಇಳಿದ ಮೇಲಿನದನ್ನು ಯಾರೂ ವಿವರಿಸುವುದಿಲ್ಲ. ಕಟ್ಟನ್ನು ಸರಿಸಲು ಕೈ ಹಾಕಿದವರಲ್ಲಿ ಮೇಸ್ತ್ರಿಯೇ ಮೊದಲಿಗನೆಂದು ಮಾತ್ರ ಎಲ್ಲರೂ ಹೇಳುತ್ತಾರೆ.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ದೊಡ್ಡಾಕೆ ಅಡುಗೆಮನೆಯಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು. ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು. ಅವಳ ಕಿರಿಯ ಮಗ, ಚಿಕ್ಕಾಕೆಯ ಗಂಡ, ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

“ಅವಳಿಗೆ ಕೇಳಿಸ್ತಾ?” ಎಂದಳು ಅತ್ತೆ.

“ಗೊತ್ತಿಲ್ಲ ಅತ್ತೆ.”

“ನಿನಗೆ?”

ದೊಡ್ಡಾಕೆ ಲೋಟವನ್ನು ಕೆಳಗಿಟ್ಟಳು. “ಕೇಳಿಸ್ತು.”

“ದನಿ ಬೇರೆ ಥರ ಇತ್ತಾ?”

“ಇತ್ತು.”

“ಮತ್ತೆ?”

“ಬೇರೆ ಥರ ಇದೆ ಅಂತ ಗೊತ್ತಾಯ್ತು. ಆದ್ರೂ ತಿರುಗಲಿಲ್ಲ. ಈ ಸಲ ಜೋರಾಗಿ ಹೆದರಿಸ್ತಿದ್ದಾನೆ, ಸೋಲಬಾರದು ಅಂದ್ಕೊಂಡೆ.”

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಾಕೆ ಆಮೇಲೆ ಪುಕ್ಕಲಿಯ ಬಳಿ ಹೇಳಿಕೊಂಡಳಂತೆ. ಕೆಲವು ಹೇಳಿಕೆಗಳಲ್ಲಿ ಅತ್ತೆ “ನಿನ್ನ ಮಾತು ಕೇಳಿ ಹೋದಳು” ಎನ್ನುತ್ತಾಳೆ. ಹೆಚ್ಚಿನವುಗಳಲ್ಲಿ ಆಕೆ ಎದ್ದು, ಉಳಿದ ಲೋಟಗಳನ್ನು ತಾನೇ ತೊಳೆದಿಡುತ್ತಾಳೆ. ಎರಡನೆಯದು ಹೆಚ್ಚು ಕಠಿಣ ಎಂದು ಹೇಳುವವರ ಅಭಿಪ್ರಾಯ.

ಗೋದಾಮು ಮತ್ತೆ ತೆರೆದ ದಿನ ಅದರ ಒಡೆಯರಾದ ಸಾಹುಕಾರರು ಸ್ವತಃ ಬಂದು ಎಲ್ಲರನ್ನೂ ನಿಲ್ಲಿಸಿಕೊಂಡು ಮೃದುವಾಗಿಯೇ ಮಾತಾಡಿದರು.

“ಆಗಿದ್ದು ಆಗಿಹೋಯ್ತು. ಯಾರನ್ನೂ ದೂರಲ್ಲ. ಆದರೆ ಈ ತಿರುಗದೇ ಇರೋ ಆಟ ಇನ್ನು ಸಾಕು. ನಿಮ್ಮ ಜೀವಕ್ಕೋಸ್ಕರ ಹೇಳ್ತಿದ್ದೀನಿ. ಮೇಸ್ತ್ರಿ ಕರೆದ, ಅವಳು ತಿರುಗಲಿಲ್ಲ. ತಿರುಗಿದ್ದಿದ್ರೆ ಇವತ್ತು ಇಲ್ಲೇ ಇರ್ತಿದ್ದಳು. ಏನಮ್ಮಾ, ಹೌದೋ ಅಲ್ವೋ?”

ಕೇಳಿದ್ದು ದೊಡ್ಡಾಕೆಯನ್ನು. ಎಲ್ಲರೂ ಅವಳತ್ತ ನೋಡಿದರು. ಒಪ್ಪಂದ ಕಟ್ಟಿದವಳು ಅವಳು. ಅದು ನಿಲ್ಲುವುದೂ ಮುರಿಯುವುದೂ ಅವಳ ಒಂದು ಮಾತಿನಲ್ಲಿತ್ತು.

ಆಗ ಸಾಲಿನ ಕೊನೆಯಿಂದ ಪುಕ್ಕಲಿ, ಸಾಹುಕಾರರನ್ನು ನೋಡುವ ಧೈರ್ಯವಿಲ್ಲದೆ, ಹಮಾಲಿಯತ್ತ ತಿರುಗಿ ಕೇಳಿದಳು.

“ಕಂಬಣ್ಣಾ, ನಿನ್ನನ್ನ ಏನಂತ ಕರೆದ್ರು?”

“ಕಂಬಣ್ಣಾ ಆಚೆ ಸರಿ ಅಂತ.”

“ನೀನು ತಿರುಗಿ ನೋಡಿದ್ಯಾ?”

“ಇಲ್ಲ. ಹಾರಿದೆ.”

“ನೋಡದೆ ಹೇಗೆ ಹಾರಿದೆ?”

ಕಂಬಣ್ಣ ತಲೆ ತಗ್ಗಿಸಿದ. “ಕರೆದದ್ದು ನನ್ನನ್ನೇ ಅಂತ ಗೊತ್ತಾಯ್ತಲ್ಲಮ್ಮಾ,” ಎಂದ.

“ಅವಳಿಗೆ ಹೇಗೆ ಗೊತ್ತಾಗ್ಬೇಕಿತ್ತು?” ಎಂದಳು ಪುಕ್ಕಲಿ. “ಇವಳೇ ಅಂದ್ರೆ ನಾನೂ ಇವಳೇ, ಇವರೂ ಇವಳೇ. ತಿರುಗೋ ಕಾಲದಲ್ಲೂ ಯಾರನ್ನ ಅಂತ ತಿಳಿಯೋಕೆ ಮೇಸ್ತ್ರಿ ಬೆರಳಿಗೆ ಕಾಯ್ತಿದ್ವಿ. ಬೆರಳು ಬರೋ ಅಷ್ಟರಲ್ಲಿ ಕಟ್ಟು ಬಂದಿರ್ತಿತ್ತು.”

ಸಾಹುಕಾರರು “ಅದೆಲ್ಲ ಈಗ್ಯಾಕೆ, ಕೆಲಸ ನೋಡಿ” ಎಂದು ಹೊರಟರು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದ. ಹೆಂಗಸರು ತಮ್ಮ ತಮ್ಮ ಜಾಗಕ್ಕೆ ಹೋಗಿ, ಕೋಣೆಗೆ ಬೆನ್ನು ಕೊಟ್ಟು ಕೂತರು. ಚಿಕ್ಕಾಕೆಯ ಜಾಗವನ್ನು ಯಾರೂ ತುಂಬಲಿಲ್ಲ.

ಹಲವು ದಿನ ಮೇಸ್ತ್ರಿ ಯಾರನ್ನೂ ಕರೆಯಲಿಲ್ಲ. ಆಮೇಲೊಮ್ಮೆ, ಏನೋ ಅವಸರದಲ್ಲಿ, ನಾಲಿಗೆಗೆ ಅಂಟಿದ ಅಭ್ಯಾಸದಿಂದ “ಏ ಇವಳೇ” ಎಂದುಬಿಟ್ಟ.

ಸಾಲು ತಿರುಗಲಿಲ್ಲ. ಪುಕ್ಕಲಿ ತಿರುಗಲಿಲ್ಲ. ತಿರುಗಿದವಳು ದೊಡ್ಡಾಕೆ ಒಬ್ಬಳೇ. ಕೂತಲ್ಲಿಂದ ಅರ್ಧ ಎದ್ದು, ದಬ್ಬಣ ಕೈಯಲ್ಲೇ ಹಿಡಿದು, ಮೊದಲು ತೊಲೆಯ ಕಡೆ, ಆಮೇಲೆ ರಾಶಿಯ ಕಡೆ ನೋಡಿದಳು. ಅಲ್ಲಿ ಯಾರೂ ಬಗ್ಗಿರಲಿಲ್ಲ. ಮೇಲೆ ಯಾವ ಕಟ್ಟೂ ತೂಗುತ್ತಿರಲಿಲ್ಲ. ಕೊನೆಗೆ ಅವಳ ಕಣ್ಣು ಮೇಸ್ತ್ರಿಯ ಮೇಲೆ ನಿಂತಿತು. ಇಷ್ಟು ದಿನಗಳ ನಂತರ ತನ್ನ ಕರೆಗೆ ತಿರುಗಿದ ಆ ಒಂದು ಮುಖವನ್ನು ಕಂಡು ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ಆ ಮಾತನ್ನು ಅವನು ಮತ್ತೆ ಆಡಲಿಲ್ಲ ಎಂಬುದರಲ್ಲಿ ಎಲ್ಲ ಹೇಳಿಕೆಗಳಿಗೂ ಒಮ್ಮತವಿದೆ.

“ಏನೂ ಬಿದ್ದಿಲ್ಲಕ್ಕಾ,” ಎಂದಳು ಪುಕ್ಕಲಿ, ಕತ್ತು ಹೊರಳಿಸದೆ. “ಕೂತ್ಕೋ.”

ಯಾರೂ ದೊಡ್ಡಾಕೆಯನ್ನು ದೂರಲಿಲ್ಲ. ಅವಳು ಕಟ್ಟಿದ ಮಾತನ್ನು ಅವಳಿಗಾಗಿ ಉಳಿದವರು ಹಿಡಿದುಕೊಂಡರು.

ಕೆಲವು ವಾರಗಳ ಮೇಲೆ, ಇನ್ನೊಂದು ಮಧ್ಯಾಹ್ನ, ಮೇಸ್ತ್ರಿ ಹಿಂದಿನಿಂದ ಗಂಟಲು ಸರಿಮಾಡಿಕೊಂಡು ಕೇಳಿದ: “ಅಕ್ಕಾ, ಸುತಳಿ ಯಾರ ಹತ್ರ ಇದೆ, ಸ್ವಲ್ಪ ಕೊಡ್ತೀರಾ?”

ದಬ್ಬಣಗಳು ನಿಂತವು. ರಾಟೆಯ ಬಳಿ ಯಾರೂ ನಗಲಿಲ್ಲ. ಸಾಲು ಒಬ್ಬೊಬ್ಬರಾಗಿ, ನಂಬಿಕೆ ಸಾಲದೆ, ಅವನತ್ತ ತಿರುಗಿತು. ದೊಡ್ಡಾಕೆಯೂ ತಿರುಗಿದಳು. ಅವಳು ಬೇಡಿದ್ದ ಮಾತು ಕೊನೆಗೂ ಆ ಬಾಯಿಂದ ಬಂದಿತ್ತು. ಎಲ್ಲರೂ ಮೇಸ್ತ್ರಿಯನ್ನು ನೋಡುತ್ತಿದ್ದಾಗ ಅವಳು ಮಾತ್ರ ತಲೆ ಎತ್ತಿ ರಾಟೆಯ ಹಗ್ಗವನ್ನು ನೋಡುತ್ತಿದ್ದಳು.