ಅಣ್ಣನ ಕಟ್ಟುಹಲ್ಲು
ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಜೇಬಿನ ಡಬ್ಬಿಯಲ್ಲಿ ನೀರು ತುಳುಕುತ್ತದೆ, ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ಎಂದು ಅವನು ಮತ್ತೆ ಮುಟ್ಟಿ ನೋಡುತ್ತಾನೆ, ಒಳಗಿರುವುದು ಅಣ್ಣನ ಹಲ್ಲು, ಮೇಲೆ ಹದಿನಾಲ್ಕು ಕೆಳಗೆ ಹದಿನಾಲ್ಕು, ಮೂವತ್ತೊಂದು ವರ್ಷದ ಕಸುಬಿನಲ್ಲಿ ಅವನ ಕೈಯಿಂದ ಇಷ್ಟು ಚೆನ್ನಾಗಿ ಬಂದ ಕಟ್ಟುಹಲ್ಲು ಇನ್ನೊಂದಿಲ್ಲ, ಹಾಕಿಕೊಳ್ಳಬೇಕಾದವನು ಮಾತ್ರ ಬೆಳಗಿನ ಜಾವ ತೀರಿಕೊಂಡಿದ್ದಾನೆ — ಬಾಯಿ ಒಳಕ್ಕೆ ಹೋಗ್ಬಿಟ್ಟಿದೆ ಕಣಪ್ಪ, ಗುರುತೇ ಸಿಗ್ತಿಲ್ಲ, ಎಷ್ಟಾಗಿದ್ಯೋ ಅಷ್ಟೇ ಸರಿ, ಜನ ಸೇರೋದ್ರೊಳಗೆ ಹಲ್ಲು ತಗೊಂಡು ಬಾ, ಫೋನಿನಲ್ಲಿ ಅತ್ತಿಗೆ ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. ಮಾಡಿ ಮುಗಿಸಿ ಎರಡು ತಿಂಗಳಾಯಿತು, ಯಾರಿಗೂ ಹೇಳಿಲ್ಲ. ಕ್ಲಿನಿಕ್ಕಿನಿಂದ ದವಡೆಯ ಅಚ್ಚು ಬಂದಾಗ ಚೀಟಿಯ ಮೇಲೆ ಅಣ್ಣನ ಹೆಸರು, ಕೆಳಗೆ ಡಾಕ್ಟರ ಗೀಚು, ನಿಮ್ಮ ಹತ್ತಿರವೇ ಮಾಡಿಸಬೇಕಂತೆ, ಒಂದೇ ಹಟ — ಏಳು ವರ್ಷ ಮಾತು ಬಿಟ್ಟವನು ಅಚ್ಚು ಕಳಿಸಿ ರಾಜಿಗೆ ಬಂದಿದ್ದ, ಒಂದು ಮಾತು ಬಂದು ಕೇಳುವುದಕ್ಕೇನು ರೋಗ, ಕೇಳಲಿ, ಕೇಳುವವರೆಗೂ ಕೊಡುವುದಿಲ್ಲ ಎಂದು ಇವನು ಮಾಡಿ ಮುಗಿಸಿದ ಹಲ್ಲನ್ನು ಡ್ರಾಯರಿನಲ್ಲಿಟ್ಟ, ಆಗ್ತಾ ಇದೆ ಡಾಕ್ಟ್ರೇ, ವಾರಕ್ಕೊಂದು ಸುಳ್ಳು. ಒಣಗಿದರೆ ಆಕಾರ ಕೆಡುತ್ತದೆ ಎಂದು ದಿನಾ ಬೆಳಿಗ್ಗೆ ನೀರು ಮಾತ್ರ ತಪ್ಪದೆ ಬದಲಾಯಿಸಿದ, ಥೂ, ಇದೆಂಥ ಹಗೆ, ಇವನಿಗೆ ನೆಟ್ಟಗೆ ದ್ವೇಷಿಸಲೂ ಬರಲಿಲ್ಲ. ಏಳು ವರ್ಷದ ಹಿಂದೆ ಅಣ್ಣ ತನ್ನ ಮಗಳ ಮದುವೆಯಲ್ಲಿ ಬೀಗರ ಎದುರಿಗೆ ಇವನ ಹೆಗಲ ಮೇಲೆ ಕೈ ಹಾಕಿ, ಇವನು ನನ್ನ ತಮ್ಮ, ಮುದುಕರ ಬಾಯಿಗೆ ಬೇಲಿ ಹಾಕ್ತಾನೆ, ಎಲ್ಲರೂ ನಕ್ಕರು, ಅಣ್ಣ ಎಲ್ಲರಿಗಿಂತ ಜೋರಾಗಿ, ಒಂದರ ಮೇಲೊಂದು ಏರಿದ ಮುಂದಿನ ಎರಡು ಹಲ್ಲು ಕಾಣುವ ಹಾಗೆ, ಆ ಬಾಯಿ ಏಳು ವರ್ಷದಿಂದ ಕಣ್ಣ ಮುಂದೆ ನಗುತ್ತಲೇ ಇದೆ. ಸುಳ್ಳೇನು ಹೇಳಿದ್ದ ಅವನು? ಅಚ್ಚು ಬರುತ್ತದೆ, ಹಲ್ಲು ಹೋಗುತ್ತದೆ, ಬಾಯಿಗೆ ಕೂರಿಸುವುದು ಡಾಕ್ಟರು, ಸಾವಿರಾರು ದವಡೆ ತಿದ್ದಿದವನು ಒಂದು ಮುಖ ಕಂಡಿಲ್ಲ, ಕೊನೆಗೆ ಮಾಡಿದ್ದೆಲ್ಲ ಹಾಕಿಕೊಂಡವರ ಜೊತೆ ಮಣ್ಣು ಸೇರುತ್ತದೆ, ಇದಕ್ಕೆ ಬದುಕು ಅಂತ ಹೆಸರು. ಎಲ್ಲರಿಗೂ ಸಾಲಾಗಿ ಜೋಡಿಸುವವನು ಅಣ್ಣನಿಗೆ ಮಾತ್ರ ಆ ಎರಡನ್ನು ನೆನಪಿನಿಂದ ಏರಿಸಿ ಕೂರಿಸಿದ್ದಾನೆ, ಕೋಪಕ್ಕೋ ಪ್ರೀತಿಗೋ ಅವನಿಗೇ ತಿಳಿಯದು.

ಅತ್ತಿಗೆ ಕೋಣೆಯಲ್ಲಿದ್ದವರನ್ನು ಹೊರಗೆ ಕಳಿಸಿ ಅಣ್ಣನ ಗದ್ದಕ್ಕೆ ಕಟ್ಟಿದ ಬಟ್ಟೆ ಬಿಚ್ಚುತ್ತಾಳೆ, ಎರಡು ತಿಂಗಳಿಂದ ಬರೀ ಹಾಲಲ್ಲಿ ನೆನೆಸಿದ ಬ್ರೆಡ್ಡು, ಬೇರೆ ಕಡೆ ಮಾಡಿಸೋಣ ಅಂದ್ರೆ ಕೇಳ್ಲೇ ಇಲ್ಲ, ನನ್ನ ತಮ್ಮ ನಿಧಾನಕ್ಕೆ ಚೆನ್ನಾಗಿ ಮಾಡ್ತಿದ್ದಾನೆ, ಅವಸರ ಮಾಡ್ಬೇಡ ಅಂತಿದ್ರು — ಅವಳು ಚುಚ್ಚುತ್ತಿಲ್ಲ, ನಂಬಿಯೇ ಹೇಳುತ್ತಿದ್ದಾಳೆ, ಅವನು ಬಿಗಿಯುತ್ತಿರುವ ದವಡೆಯನ್ನು ಎರಡೂ ಕೈಯಿಂದ ಬಿಡಿಸುತ್ತಾನೆ, ಮೊಟ್ಟಮೊದಲ ಸಲ ಒಂದು ಬಾಯಿಯೊಳಗೆ ಅವನ ಬೆರಳು, ಎಷ್ಟು ತಣ್ಣಗಿದೆ, ಕೆಳಗಿನದು ಹೇಗೋ ಕೂತಿತು, ಮೇಲಿನದು ಕೂರುವುದಿಲ್ಲ, ಒತ್ತುತ್ತಾನೆ, ಜಾರುತ್ತದೆ, ಅಚ್ಚು ತೆಗೆದಾಗಿನ ಒಸಡು ಇದಲ್ಲ, ಸೊರಗಿ ಕರಗಿದೆ, ಅಂದೇ ಕೊಟ್ಟಿದ್ದರೆ ಕಚ್ಚಿ ಕೂರುತ್ತಿತ್ತು, ಈಗ ಯಾರದೋ ಹಲ್ಲಿನ ಹಾಗೆ ಅಲ್ಲಾಡುತ್ತದೆ, ಸರಿಯಾಗಿ ಕೂತ್ಕೊಳ್ತಾ, ಅತ್ತಿಗೆ ಬಗ್ಗುತ್ತಾಳೆ, ಹೂಂ ಅತ್ತಿಗೆ ಕೂತಿದೆ, ಅಂಗುಳಕ್ಕೆ ಹೆಬ್ಬೆರಳು ಒತ್ತಿಕೊಂಡೇ ಹೇಳುತ್ತಾನೆ, ನೋಡು ಈಗ ಅವರೇ ಅನ್ನಿಸ್ತಾರೆ, ನಕ್ಕ ಹಾಗೇ ಇದೆ, ಎಲ್ಲರನ್ನೂ ಒಳಗೆ ಕರೀಲಾ — ಹೌದು, ಅಣ್ಣ ನಗುತ್ತಿದ್ದಾನೆ, ಬೆರಳು ತೆಗೆದರೆ ಬೀಳುತ್ತದೆ, ಕರೀಲಾ ಅಂತಿದ್ದಾಳೆ, ಬೆರಳು ತೆಗೆದರೆ, ಬಾಗಿಲ ಚಿಲಕ ಸರಿಯುವ ಸದ್ದು, ಒಂದರ ಮೇಲೊಂದು ಏರಿದ ಎರಡು ಹಲ್ಲು, ಬೆರಳು, ಏರಿದ ಆ ಎರಡು ಹಲ್ಲು, ಹಿಂದೆ ಅವನ ಹೆಬ್ಬೆರಳು.