ಎಂಟನೆಯ ಹೆಸರು

“ಏ ರಂಡೆ, ಕಣ್ಣಾಗ ಸುಣ್ಣಾ ಬಿದ್ದೈತೇನ? ಎಲ್ಲೈತಿ ಡಾಗು? ತೋರಸ!”

ಅಂದಾನೆಪ್ಪ ಹಾಳೆಯನ್ನು ಲಾಲಿಬಾಯಿಯ ಮುಖಕ್ಕೆ ಎಸೆದ. ದೊಡ್ಡ ಹಾಳೆ; ಮುಖಕ್ಕೆ ಬಡಿದು, ಎದೆಗೆ ಬಡಿದು, ಕಾಲ ಬಳಿ ಬಿತ್ತು. ಕೆಲಸದ ಹಾಲಿನಲ್ಲಿದ್ದ ಉಳಿದ ಹದಿಮೂರು ಹೆಂಗಸರು ಕತ್ತು ಎತ್ತಲಿಲ್ಲ. ಸೂಪರ್‌ವೈಜರ್ ಬೈಯುವಾಗ ಕತ್ತೆತ್ತಿದವಳಿಗೇ ಮುಂದಿನ ಬೈಗುಳ ಎಂಬುದು ನಮಗೆ ಬಾಯಿಪಾಠವಾಗಿತ್ತು.

“ನನ್ನ ಗಂಡ ಜೀವಂತ ಅದಾನ್ರಿ ಸಾಹೇಬ್ರ,” ಎಂದಳು ಲಾಲಿಬಾಯಿ. ಬಗ್ಗಿ ಹಾಳೆ ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಂದು ಕಡೆ ಬೆರಳಿಟ್ಟಳು. “ಇಲ್ಲಿ ನೋಡ್ರಿ. ಹಲ್ಲಿಕಣ್ಣು.”

ಸೂಜಿಯ ಮೊನೆಯಷ್ಟು ತೂತು. ಅಂದಾನೆಪ್ಪ ಕಣ್ಣು ಕಿರಿದು ಮಾಡಿ ನೋಡಿದ, ಕಂಡಿತು. ಕಂಡದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. “ಬಾಯಿ ಭಾಳ ಆತು ನಿಂದು, ಲಮಾಣಿ ಹೆಣ್ಣ,” ಎಂದು ಹೊರಟುಹೋದ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಕಾಗದದ ಮಿಲ್ಲು ನಮ್ಮದು. ನಮ್ಮದು ಎನ್ನುವುದು ಬಾಯಿಮಾತಿಗೆ. ರದ್ದಿ ಬೇಯಿಸಿ ನೋಟ್‌ಬುಕ್ಕಿನ ಹಾಳೆ ಮಾಡುತ್ತಿದ್ದರು. ಕತ್ತರಿಸಿ ಬಂದ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿ, ಕೆಟ್ಟದ್ದನ್ನು ಎಡಕ್ಕೆ, ಒಳ್ಳೆಯದನ್ನು ಬಲಕ್ಕೆ ಹಾಕುವುದು ಹೆಂಗಸರ ಕೆಲಸ. ಎಂಟು ತಾಸು ನಿಂತೇ ಮಾಡಬೇಕು. ಕೂತರೆ ಕೈ ಬೀಸುವುದಿಲ್ಲ ಎಂದು ಮಾಲಕರ ಅಪ್ಪ ಎಂದೋ ಹೇಳಿದ್ದನಂತೆ. ಅವನು ಸತ್ತುಹೋದ ಮೇಲೂ ಕುರ್ಚಿ ಬರಲಿಲ್ಲ.

ಲಾಲಿಬಾಯಿ ಹಳಿಯಾಳದ ಆಚೆಯ ತಾಂಡಾದವಳು. ಹನ್ನೊಂದು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದಾಗ ಅವಳ ಎರಡೂ ತೋಳಿಗೆ, ಮಣಿಕಟ್ಟಿನಿಂದ ಮೇಲಿನವರೆಗೆ, ಮದುವೆಯ ಬಿಳಿ ಬಳೆಗಳಿದ್ದವು. “ಹಾಳಿ ಮ್ಯಾಲ ಗೆರಿ ಬೀಳ್ತಾವು. ತಗದ ಬಂದ್ರ ಕೆಲಸ, ಇಲ್ಲಂದ್ರ ಹಾದಿ ಹಿಡಿ,” ಎಂದಿದ್ದ ಅಂದಾನೆಪ್ಪ. ಅವರಲ್ಲಿ ಆ ಬಳೆಗಳನ್ನು ಗಂಡ ಸತ್ತಾಗ ಮಾತ್ರ ತೆಗೆಯುವುದು. ಲಾಲಿಬಾಯಿ ಮರುದಿನ ಬರಿಗೈಯಲ್ಲಿ ಬಂದಳು. ಎಣ್ಣೆ ಹಚ್ಚಿ ಎಳೆಯುವಾಗ ಅತ್ತೆ ಬಾಗಿಲಿಗೆ ಹಣೆ ಬಡಿದುಕೊಂಡು ಅತ್ತಳಂತೆ. ಗಂಡ ತುಳಸಿರಾಮ ಹದಿನೈದು ದಿನ ಅವಳ ಕೈಯ ಅನ್ನ ಉಣ್ಣಲಿಲ್ಲವಂತೆ. ಬಳೆಗಳು ಡಾಲ್ಡಾ ಡಬ್ಬಿಯೊಳಗೆ ಹೋದವು. ಅವಳು ಈ ಕೆಲಸಕ್ಕೆ ಏನು ಕೊಟ್ಟಿದ್ದಾಳೆಂದು ಅಂದಾನೆಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳನ್ನು ರಂಡೆ ಎನ್ನುತ್ತಿದ್ದ.

ನಾನು ಶಂಕ್ರೆವ್ವ, ಅವಳ ಟೇಬಲ್ಲಿನ ಎಡಕ್ಕೆ ನಿಲ್ಲುತ್ತಿದ್ದವಳು. ನನಗೆ ಕೆಲಸ ಕಲಿಸಿದವಳು ಅವಳೇ. ಹೊಸಬಳ ಬೆನ್ನ ಹಿಂದೆ ನಿಂತು, ಕೈಯ ಮೇಲೆ ಕೈಯಿಟ್ಟು, ಒಂದಿಡೀ ಮಳೆಗಾಲ ಹಾಳೆ ಮಗುಚಿಸುವುದು ನಮ್ಮ ಹಾಲಿನ ಪದ್ಧತಿ. ಕಲಿತವಳು ಕಲಿಸಿದವಳಿಗೆ ಒಂದು ಕಾಯಿ, ಒಂದು ಖಣ ಕೊಡಬೇಕು. ಅವಳ ಟೇಬಲ್ಲಿಗೆ ಮಾತ್ರ ಎಂದೂ ಆಸೆಪಡಬಾರದು. ನಾನು ಖಣ ಕೊಟ್ಟೆ. ಆದರೆ ಮೊದಲ ವರ್ಷ ಅವಳ ಬುತ್ತಿಯ ಹತ್ತಿರ ಕೂರಲಿಲ್ಲ, ಅವಳ ತಂಬಿಗೆಯ ನೀರು ಕುಡಿಯಲಿಲ್ಲ. ಅವಳ ಕೈಯ ವಿದ್ಯೆ ಬೇಕಿತ್ತು, ನೀರು ಬೇಕಿರಲಿಲ್ಲ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡು ಸಾವಿರದ ಐದರ ಮಳೆ ಮುಗಿಯುವ ಹೊತ್ತಿಗೆ ಅಜಯ ಎಂಬ ಇಂಜಿನಿಯರ್ ಬಂದ. ಮೈಸೂರಿನ ಕಡೆಯವನು, ಮೆತ್ತಗಿನ ಮಾತು. ಒಂದು ಕೋಣೆಗೆ ಹೊಸದಾಗಿ ಸುಣ್ಣ ಬಳಿಸಿ, ಹಾಳೆ ಸಾಗುವ ಬೆಲ್ಟು, ಅದರ ಮೇಲೊಂದು ಕ್ಯಾಮರಾ, ಪಕ್ಕದಲ್ಲಿ ಕಂಪ್ಯೂಟರು ಕೂರಿಸಿದ. ಆಮೇಲೆ ಲಾಲಿಬಾಯಿಯ ಟೇಬಲ್ಲಿಗೆ ಬಂದು ಅರ್ಧ ದಿನ ಸುಮ್ಮನೆ ನೋಡುತ್ತ ನಿಂತ.

“ಅಮ್ಮ, ನಿಮಗೆ ಅದು ಹೇಗೆ ಗೊತ್ತಾಗುತ್ತೆ? ಸ್ವಲ್ಪ ನಿಧಾನವಾಗಿ ತೋರಿಸ್ತೀರಾ?”

ಹನ್ನೊಂದು ವರ್ಷದಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಲಾಲಿಬಾಯಿಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಬೈಗುಳಕ್ಕೆ ಬಗ್ಗದ ಹೆಣ್ಣು ಆ ಒಂದು ‘ಅಮ್ಮ’ಕ್ಕೆ ಕರಗಿಬಿಟ್ಟಳು.

ನೋಟೀಸು ಹಚ್ಚಿದರು. ಕಂಪ್ಯೂಟರ್ ತರಬೇತಿ, ಎರಡು ತಿಂಗಳು, ಲಾಲಿಬಾಯಿ ಮತ್ತು ಶಂಕ್ರೆವ್ವ. ನಾನು ಹತ್ತನೇ ಇಯತ್ತೆ ಓದಿದ್ದೆ, ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಅದಕ್ಕೆ ನನ್ನ ಹೆಸರು. ಮೊದಲ ದಿನ ಕುರ್ಚಿ ಕೊಟ್ಟರು. ಲಾಲಿಬಾಯಿ ಕುರ್ಚಿಯ ತುದಿಯಲ್ಲಿ ಕೂತಳು, ಯಾರೋ ಬಂದು ಎಬ್ಬಿಸುತ್ತಾರೆಂಬಂತೆ.

ಕೆಲಸ ಹೀಗಿತ್ತು. ಹಾಳೆ ಬೆಲ್ಟಿನ ಮೇಲೆ ಬರುತ್ತದೆ, ಅದರ ಚಿತ್ರ ಪರದೆಯ ಮೇಲೆ ನಿಲ್ಲುತ್ತದೆ. ಲಾಲಿಬಾಯಿ ತಪ್ಪು ತೋರಿಸುತ್ತಾಳೆ, ನಾನು ಗುಂಡಿ ಒತ್ತುತ್ತೇನೆ. ನಮ್ಮ ಹಾಲಿನಲ್ಲಿ ತಪ್ಪುಗಳಿಗೆ ನಮ್ಮವೇ ಹೆಸರಿದ್ದವು. ಕರಿ ಚುಕ್ಕೆಗೆ ನೊಣ, ಸುಕ್ಕಿಗೆ ಮುದುಕಿ, ನೀರು ಕುಡಿದು ಉಬ್ಬಿದ್ದಕ್ಕೆ ಬಾಣಂತಿ. ಒಟ್ಟು ಏಳು. ಅಜಯ ನಕ್ಕು, “ಅದೇ ಹೆಸರು ಇರಲಿ,” ಎಂದ. ಯಂತ್ರಕ್ಕೆ ಗೊತ್ತಿಲ್ಲದ ತಪ್ಪು ಬಂದರೆ ಪರದೆಯಲ್ಲಿ ಒಂದು ಖಾಲಿ ಚೌಕ ತೆರೆಯುತ್ತಿತ್ತು. ಅದರಲ್ಲಿ ನಾನು ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯಬೇಕು, ಬರೆದ ಮೇಲೆಯೇ ಮುಂದಿನ ಹಾಳೆ. ಐದು ಸಲ ಬರೆದರೆ ಸಾಕು, ಆರನೆಯ ಸಲ ಯಂತ್ರ ತಾನೇ ಆ ಹೆಸರು ಬರೆಯುತ್ತಿತ್ತು. ಆಮೇಲೆ ಸಾವಿರಾರು ಹಾಳೆ ತೋರಿಸಿ ಅದರ ಕಣ್ಣು ತಿದ್ದಬೇಕು.

ನೊಣವನ್ನು ಅದು ತಾನಾಗಿ ಗುರುತಿಸಿದ ದಿನ ಲಾಲಿಬಾಯಿ ಚಪ್ಪಾಳೆ ತಟ್ಟಿದಳು. “ಶಂಕ್ರಿ, ನೋಡ ನೋಡ, ಕಲ್ತತಿ! ಆಚಿ ಟೇಬಲ್ಲಿನ ಯಲ್ಲವ್ವ ಕಲಿಯಾಕ ನಾಕ ತಿಂಗಳ ತಗೊಂಡಿದ್ಲು, ಇದು ನಾಕ ದಿನದಾಗ ಕಲ್ತತಿ!” ತಪ್ಪು ಮಾಡಿದರೆ ಅದಕ್ಕೆ ಬೈಯುತ್ತಿದ್ದಳು, ನನಗೆ ಬೈದಿದ್ದಂತೆಯೇ. “ಹಾಟ್ಯಾನ ತಂದು, ಅದು ಮುದುಕಿ ಅಲ್ಲ, ನೆರಳ ಬಿದ್ದೈತಿ. ಸರಿ ನೋಡ.” ಆಯುಧ ಪೂಜೆಯ ದಿನ ಅದರ ಡಬ್ಬಿಗೆ ಕುಂಕುಮ ಹಚ್ಚಿದಳು. ಕಲಿತವರೇ ಕಾಯಿ ಕೊಡುವುದು ಪದ್ಧತಿ. ಯಂತ್ರಕ್ಕೆ ಕೈಯಿಲ್ಲವೆಂದು ತಾನೇ ಕಾಯಿ ತಂದು, ಅದರ ಮುಂದಿಟ್ಟು, ಅದರ ಪರವಾಗಿ ತಾನೇ ತನ್ನ ಸೆರಗಿಗೆ ಹಾಕಿಕೊಂಡಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಒಂದು ದಿನ ಅಜಯನನ್ನು ಕೇಳಿದಳು. “ಸಾಹೇಬ್ರ, ಇದು ಕಲ್ತ ಮ್ಯಾಲ ಯಾವ ಟೇಬಲ್ಲಿಗೆ ನಿಂದರ್ತೈತ್ರಿ?”

ಅಜಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇದಕ್ಕೆ ಟೇಬಲ್ ಬೇಡ ಅಮ್ಮ.”

“ಹಂಗಂದ್ರ ನಮ್ಮ ಟೇಬಲ್ಲು?”

ಅವನು ಮುಂದಿನ ಹಾಳೆ ಬಿಡಲು ಗುಂಡಿ ಒತ್ತಿದ. ಲಾಲಿಬಾಯಿ ನನ್ನ ಮುಖ ನೋಡಿದಳು. ಆ ದಿನ ಮತ್ತೆ ಯಂತ್ರಕ್ಕೆ ಬೈಯಲಿಲ್ಲ, ಹೊಗಳಲೂ ಇಲ್ಲ.

ನವೆಂಬರ್ ಕೊನೆಗೆ ಅಂದಾನೆಪ್ಪ ಹಾಲಿನ ಮಧ್ಯೆ ನಿಂತು ಹೇಳಿದ. ಮುಂದಿನ ಸೋಮವಾರದಿಂದ ಹಾಳೆ ನೋಡುವುದು ಯಂತ್ರ. ಗುಂಡಿ ಒತ್ತಲು ಶಂಕ್ರೆವ್ವ ಒಬ್ಬಳು ಸಾಕು. ಉಳಿದವರಲ್ಲಿ ಬೇಕಾದವರು ರದ್ದಿ ಗುಂಡಿಗೆ ಬರಬಹುದು, ಗುತ್ತಿಗೆಯ ಮೇಲೆ. ರದ್ದಿ ಗುಂಡಿಯೆಂದರೆ ಊರೂರಿನ ಕೊಳೆತ ಕಾಗದದಲ್ಲಿ ಮೊಣಕಾಲ ತನಕ ನಿಂತು ಪಿನ್ನು, ಪ್ಲಾಸ್ಟಿಕ್ಕು, ಸತ್ತ ಇಲಿ ಹೆಕ್ಕುವುದು.

ಲಾಲಿಬಾಯಿ ನೇರ ಮಾಲಕರ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಮಾಲಕರು, ಅಂದಾನೆಪ್ಪ, ಅಜಯ ಚಹಾ ಕುಡಿಯುತ್ತಿದ್ದರು.

“ಮಾಲಕ್ರ, ಎರಡ ತಿಂಗಳ ನಾನೂ ತರಬೇತಿಗೆ ಕುಂತೇನ್ರಿ. ಅದಕ ಎಲ್ಲಾ ಕಲಿಸಿದಾಕಿ ನಾ. ಶಂಕ್ರಿ ಜೋಡಿ ನನ್ನೂ ಅಲ್ಲೇ ಇಟಗೋರಿ. ಕುರ್ಚಿ ಬ್ಯಾಡ, ನಿಂದರ್ತೇನಿ.”

ಮಾಲಕರು ಮೇಜಿನ ಮೇಲಿದ್ದ ಯಂತ್ರದ ಪುಸ್ತಕ ಅವಳ ಕಡೆ ತಳ್ಳಿದರು. “ಓದು. ಮೊದಲನೇ ಸಾಲು ಓದಿದರೆ ಸಾಕು, ಕೆಲಸ ನಿನ್ನದು.”

ಲಾಲಿಬಾಯಿ ಪುಸ್ತಕವನ್ನು ಮುಟ್ಟಲಿಲ್ಲ. ಅಂದಾನೆಪ್ಪ ಚಹಾ ಉಗುಳುವಂತೆ ನಕ್ಕ. “ಓದಾಕ ಬರದಾಕಿ ಮಷೀನ ನಡಸ್ತಾಳಂತ! ಬೋಸುಡಿ, ಹೆಬ್ಬೆಟ್ಟ ಒತ್ತಿ ಪಗಾರ ತಗೊಂಡಾಕಿ ನೀ.”

“ಎರಡ ತಿಂಗಳ ಹಿಂದ ಮಷೀನಿಗೂ ಏನೂ ಬರತಿದ್ದಿಲ್ರಿ,” ಎಂದಳು ಲಾಲಿಬಾಯಿ.

ಮಾಲಕರು ಚಹಾದ ಕಪ್ಪು ಕೆಳಗಿಟ್ಟರು. “ಹೊರಗೆ ಹಾಕು ಇವಳನ್ನ. ಮಾತು ಕಲಿತಿದ್ದಾಳೆ.”

ಅಜಯ ಬಾಗಿಲವರೆಗೆ ಬಂದ. “ನನ್ನ ಕೈಯಲ್ಲಿ ಏನೂ ಇಲ್ಲ ಅಮ್ಮ. ನನ್ನ ಕೆಲಸ ಅಷ್ಟೇ,” ಎಂದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅಂದಾನೆಪ್ಪನ ಬೈಗುಳಕ್ಕಿಂತ ಆ ನೀರು ನನಗೆ ಹೆಚ್ಚು ಹೇಸಿಗೆ ತಂದಿತು.

ಸಂಜೆ ಬಸ್ಸಿಗೆ ಕಾಯುವಾಗ ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. “ಅಕ್ಕಾ, ನಾನೂ ಒಲ್ಲೆ ಅಂತ ಹೇಳ್ಲೇನು?” ಎಂದೆ. ಹೇಳುವ ಮನಸ್ಸು ನನಗಿರಲಿಲ್ಲ. ಅವಳು ಬೇಡ ಅನ್ನಲಿ ಎಂದೇ ಕೇಳಿದ್ದೆ.

“ನೀ ಅಲ್ಲೇ ಕುಂದರ ಶಂಕ್ರಿ. ನಿನಗ ಸಣ್ಣ ಮಕ್ಕಳದಾವು,” ಎಂದಳು. ಆಮೇಲೆ ತನ್ನ ಬರಿಯ ತೋಳು ಸವರಿಕೊಂಡು, “ನನ್ನ ಕೈಯಾಗ ಕಲ್ತಾರು ಯಾರೂ ನನ್ನ ಟೇಬಲ್ಲು ಕಸಗೊಂಡಿದ್ದಿಲ್ಲ,” ಎಂದಳು. ನನಗೆ ಹೇಳಿದಳೋ, ಯಂತ್ರಕ್ಕೆ ಹೇಳಿದಳೋ ತಿಳಿಯಲಿಲ್ಲ. ಎರಡೂ ಸರಿಯೇ ಇತ್ತು.

ಶನಿವಾರ ಯಂತ್ರದ ಪರೀಕ್ಷೆ. ಮುಂಬೈಯಿಂದ ಇಬ್ಬರು ಗಿರಾಕಿಗಳು ಬರುವವರಿದ್ದರು. ಲಾಲಿಬಾಯಿ ಆರಿಸಿ ಕೊಟ್ಟ ಐದುನೂರು ಒಳ್ಳೆಯ ಹಾಳೆ ಬೆಲ್ಟಿನ ಮೇಲೆ ಬಿಡುವುದು, ಯಂತ್ರ ಒಂದನ್ನೂ ಕೆಟ್ಟದ್ದೆನ್ನಬಾರದು. “ಇಡೀ ಮಿಲ್ಲಿನಲ್ಲಿ ಅವರ ಕಣ್ಣೇ ಅಳತೆ,” ಎಂದು ಅಜಯನೇ ಹಟ ಹಿಡಿದಿದ್ದ. ಅದು ಅವಳ ಕೊನೆಯ ದಿನ.

ಡಿಸೆಂಬರಿನ ಥಂಡಿ. ಲಾಲಿಬಾಯಿ ಬೆರಳ ತುದಿ ಮಾತ್ರ ಕಾಣುವಂತೆ ಶಾಲು ಹೊದ್ದು ಬಂದಿದ್ದಳು. ತನ್ನ ಟೇಬಲ್ಲಿನ ಮುಂದೆ ನಿಂತು, ಎಂದಿನಂತೆ ಹಾಳೆಯ ಮೇಲೆ ತೋಳು ಬೀಸಿ ಬೀಸಿ ಐದುನೂರು ಆರಿಸಿದಳು. ಹಾಲಿನ ಗದ್ದಲದಲ್ಲಿ ಏನೋ ಸಣ್ಣಗೆ ಕಟಕಟ ಎನ್ನುತ್ತಿತ್ತು. ಕತ್ತರಿ ಯಂತ್ರದ್ದಿರಬೇಕು ಎಂದುಕೊಂಡು ನನ್ನ ಕುರ್ಚಿಗೆ ಹೋದೆ.

ಹತ್ತು ಗಂಟೆಗೆ ಮಾಲಕರು ಗಿರಾಕಿಗಳನ್ನು ಕರೆತಂದರು. ಲಾಲಿಬಾಯಿ ಹಾಳೆಯ ಕಟ್ಟು ತಂದು ಬೆಲ್ಟಿನ ಬಾಯಿಗಿಟ್ಟಳು. ಅಜಯ ತಲೆಯಾಡಿಸಿದ. ನಾನು ಹಸಿರು ಗುಂಡಿ ಒತ್ತಿದೆ.

ಮೊದಲ ಹಾಳೆಗೇ ಕೆಂಪು ದೀಪ ಹತ್ತಿತು. ಪರದೆಯಲ್ಲಿ ಖಾಲಿ ಚೌಕ ತೆರೆಯಿತು.

ಅಂದಾನೆಪ್ಪ ಆ ಹಾಳೆಯನ್ನು ಎಳೆದು ನೋಡಿದ. ಏನೂ ಕಾಣಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದ. ಹಾಳೆಯ ಅಡ್ಡಕ್ಕೆ, ಈ ತುದಿಯಿಂದ ಆ ತುದಿಗೆ, ಕೂದಲೆಳೆಯಂಥ ಹತ್ತಾರು ಗೆರೆಗಳು. ಮುಂದಿನದನ್ನು ನೋಡಿದ, ಅದರಲ್ಲೂ. ಕಟ್ಟಿನ ನಡುವಿನಿಂದ ಒಂದು ಎಳೆದ, ಅದರಲ್ಲೂ. ತಿರುಗಿ ಲಾಲಿಬಾಯಿಯ ಶಾಲಿಗೆ ಕೈ ಹಾಕಿ ಕಿತ್ತ.

ಎರಡೂ ತೋಳಿನ ತುಂಬ ಬಿಳಿ ಬಳೆ. ಹನ್ನೊಂದು ವರ್ಷದಲ್ಲಿ ತೋಳು ದಪ್ಪವಾಗಿತ್ತು; ಬಲವಂತವಾಗಿ ಏರಿಸಿದ ಕಡೆಯೆಲ್ಲ ಚರ್ಮ ಸುಲಿದು ಕೆಂಪಾಗಿತ್ತು, ಎಣ್ಣೆ ಮಿರುಗುತ್ತಿತ್ತು. ಪರೀಕ್ಷೆ ನೋಡಲು ಬಂದು ಗೋಡೆಗೊರಗಿ ನಿಂತಿದ್ದ ಹೆಂಗಸರಲ್ಲಿ ಯಾರೋ “ಯವ್ವಾ!” ಎಂದರು.

“ಸೂಳೆಮಗಳ!” ಅಂದಾನೆಪ್ಪ ಅವಳ ಕೈ ತಿರುಚಿದ. “ಬೆಲ್ಟ ನಿಲ್ಲಸ ಶಂಕ್ರೆವ್ವ! ನಿಲ್ಲಸ!”

ನನ್ನ ಬೆರಳು ಕೆಂಪು ಗುಂಡಿಯ ಮೇಲಿತ್ತು. ಲಾಲಿಬಾಯಿ ನನ್ನನ್ನೇ ನೋಡುತ್ತಿದ್ದಳು.

“ಏನ ಕೇಳಾಕತ್ತೈತಿ ಶಂಕ್ರಿ ಅದು?”

“ಹೆಸರ ಕೇಳಾಕತ್ತೈತಿ ಅಕ್ಕಾ. ಈ ಡಾಗಿನ ಹೆಸರು.”

“ಬರಿ ಹಂಗಾರ. ಲಾಲಿಬಾಯಿ ಅಂತ ಬರಿ.”

ಕುರ್ಚಿ ನನ್ನ ಅಡಿಯಲ್ಲಿತ್ತು, ಮಕ್ಕಳು ಮನೆಯಲ್ಲಿದ್ದರು. ಕೆಂಪು ಗುಂಡಿ ಬಿಟ್ಟು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಮುಂದಿನ ಹಾಳೆ ಬಂತು, ಮತ್ತೆ ಬರೆದೆ. ಮಾಲಕರು ಏನೋ ಕೂಗುತ್ತಿದ್ದರು. ಅಂದಾನೆಪ್ಪ ಅವಳನ್ನು ಬಾಗಿಲ ಕಡೆ ಎಳೆಯುತ್ತಿದ್ದ; ಒಂದು ಬಳೆ ಒಡೆದು ಚೂರು ನನ್ನ ಕಾಲಿಗೆ ಸಿಡಿಯಿತು. ಮೂರನೆಯದು ಬರೆದೆ, ನಾಲ್ಕನೆಯದು ಬರೆದೆ. ಅಜಯ ನನ್ನ ಪಕ್ಕದಲ್ಲೇ ನಿಂತಿದ್ದ. ಕೈ ಚಾಚಿದ್ದರೆ ಬೆಲ್ಟು ನಿಲ್ಲಿಸಬಹುದಿತ್ತು, ಚಾಚಲಿಲ್ಲ. ಐದನೆಯದರ ಕೊನೆಯ ಅಕ್ಷರ ಒತ್ತುತ್ತಿದ್ದಂತೆ ಯಾರೋ ನನ್ನ ತುರುಬಿಗೆ ಕೈ ಹಾಕಿ ಕುರ್ಚಿಯಿಂದ ಕೆಡವಿದರು.

ನೆಲದಿಂದಲೇ ಪರದೆ ಕಾಣುತ್ತಿತ್ತು. ಹೊರಗೆ ಅಂಗಳದಲ್ಲಿ ಲಾಲಿಬಾಯಿಯನ್ನು ಹೊಡೆಯುವ ಸದ್ದು ಕೇಳುತ್ತಿತ್ತು. ಆರನೆಯ ಹಾಳೆ ಕ್ಯಾಮರಾದ ಕೆಳಗೆ ಬಂತು. ಕೆಂಪು ದೀಪ ಹತ್ತಿತು. ಯಾರೂ ಗುಂಡಿ ಮುಟ್ಟಲಿಲ್ಲ. ಯಂತ್ರ ತಾನೇ ಆ ಹೆಸರು ಬರೆಯಿತು. ಏಳನೆಯದಕ್ಕೂ ಬರೆಯಿತು, ಎಂಟನೆಯದಕ್ಕೂ ಬರೆಯಿತು. ಕಟ್ಟಿನಲ್ಲಿ ಇನ್ನೂ ನಾಲ್ಕುನೂರಕ್ಕೂ ಹೆಚ್ಚು ಹಾಳೆಗಳಿದ್ದವು.